ನಾವು ಸಹಿ ಮಾಡದ ಒಪ್ಪಂದ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಲು ತೊಡಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಸಾಮಾಜಿಕ ಒಪ್ಪಂದದ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಅವೇ ಪ್ರಶ್ನೆಗಳು ಏಳುತ್ತವೆ. ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಚಹಾದಂಗಡಿಯಲ್ಲಿ ಕೇಳುವುದೂ ಅವನ್ನೇ. ಪ್ರತಿ ಸಲ ಬಾಯಿಗೆ ಬಂದಂತೆ ಉತ್ತರಿಸುವುದಕ್ಕಿಂತ ಒಮ್ಮೆ ಬರೆದಿಡುವುದು ಮೇಲು ಎನಿಸಿತು. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ಮೊಟಕಾಗಿವೆ. ಅಳತೆ ಹಿಡಿದು ಬರೆದಿಲ್ಲ.

ಸಾಮಾಜಿಕ ಒಪ್ಪಂದ ಎಂದರೇನು? ಆ ಒಪ್ಪಂದದ ಕಾಗದ ಎಲ್ಲಿದೆ?

ಕಾಗದ ಎಲ್ಲಿಯೂ ಇಲ್ಲ. ಜನರೆಲ್ಲ ಒಂದು ದಿನ ಮರದ ಕೆಳಗೆ ಕೂಡಿ ರಾಜ್ಯ ಕಟ್ಟೋಣ ಎಂದು ಮಾತಾಡಿಕೊಂಡ ಚರಿತ್ರೆಯೂ ಇಲ್ಲ. ತೆರಿಗೆ ಕಟ್ಟು, ಹೆಲ್ಮೆಟ್ ಹಾಕು, ಜೈಲಿಗೆ ನಡೆ ಎಂದು ಹೇಳಲು ಸರ್ಕಾರಕ್ಕೆ ಅಧಿಕಾರ ಎಲ್ಲಿಂದ ಬಂತು? ದೇವರು ರಾಜನಿಗೆ ಕೊಟ್ಟ, ರಾಜ ಮಗನಿಗೆ ಕೊಟ್ಟ ಎಂದು ಹೇಳುತ್ತಿದ್ದ ಕಾಲದಲ್ಲಿ, ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಕೆಲವರು ಬೇರೆ ಉತ್ತರ ಕೊಟ್ಟರು. ಆ ಅಧಿಕಾರ ಬರುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಎಂದರು. ಸಿದ್ಧಾಂತ ಇಷ್ಟೇ. ಮಿಕ್ಕಿದ್ದೆಲ್ಲ ಜಗಳ: ಒಪ್ಪಿದವರು ಯಾರು, ಯಾವುದಕ್ಕೆ ಒಪ್ಪಿದರು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೇ? ನನಗಂತೂ ಇವುಗಳಲ್ಲಿ ಮೊದಲನೆಯದೇ ಬಿಡದೆ ಕಾಡುತ್ತದೆ. ಒಪ್ಪಂದದ ದಿನ ಯಾರನ್ನು ಕರೆದಿರಲಿಲ್ಲ ಎಂದು ಹುಡುಕುವುದು ನನ್ನ ಚಟ. ಮುಂದಿನ ಉತ್ತರಗಳಲ್ಲಿ ಆ ಚಟ ಅಲ್ಲಲ್ಲಿ ಕಾಣುತ್ತದೆ.

ಸರ್ಕಾರವೇ ಇಲ್ಲದಿದ್ದರೆ ಮನುಷ್ಯರು ನಿಜಕ್ಕೂ ಕಚ್ಚಾಡಿ ಸಾಯುತ್ತಾರೆಯೇ?

ಇಂಗ್ಲೆಂಡಿನ ಚಿಂತಕ ಥಾಮಸ್ ಹಾಬ್ಸ್ ಹಾಗೆಯೇ ನಂಬಿದ್ದ. ಅವನ ಕಾಲದಲ್ಲೇ ಇಂಗ್ಲೆಂಡಿನ ಅಂತರ್ಯುದ್ಧ ನಡೆದಿತ್ತು. ರಾಜನ ತಲೆ ಕಡಿದದ್ದು 1649ರಲ್ಲಿ, ಹಾಬ್ಸನ ‘ಲೆವಿಯಥಾನ್’ ಬಂದದ್ದು 1651ರಲ್ಲಿ. ಎಲ್ಲರನ್ನೂ ಹೆದರಿಸಿ ಹದ್ದುಬಸ್ತಿನಲ್ಲಿಡುವ ಒಂದು ಶಕ್ತಿ ಇಲ್ಲದಿದ್ದರೆ ಬದುಕು ಒಂಟಿ, ದರಿದ್ರ, ಹೊಲಸು, ಕ್ರೂರ ಮತ್ತು ಅಲ್ಪಾಯುವಾಗಿರುತ್ತದೆ ಎಂದು ಬರೆದ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆ. ನೀರಿನ ಟ್ಯಾಂಕರ್ ಬರುತ್ತಿದ್ದುದು ಹನ್ನೊಂದು ಗಂಟೆಗೆ, ಕೊಡಗಳು ಸಾಲು ಹಿಡಿಯುತ್ತಿದ್ದುದು ನಸುಕಿನಲ್ಲೇ. ಕೂಲಿಗೆ ಹೋಗುವ ಹೆಂಗಸು ತನ್ನ ಕೊಡದ ಬದಲಿಗೆ ಒಂದು ಕಲ್ಲನ್ನೋ ಹರಿದ ಚಪ್ಪಲಿಯನ್ನೋ ಇಟ್ಟು ಹೋಗುತ್ತಿದ್ದಳು. ಬಿಸಿಲು ಏರಿ ಕಲ್ಲು ಮುಟ್ಟಿದರೆ ಸುಡುವಂತಾದರೂ ಅದನ್ನು ಯಾರೂ ಪಕ್ಕಕ್ಕೆ ತಳ್ಳುತ್ತಿರಲಿಲ್ಲ. ಮನೆಗೆ ನಾಲ್ಕು ಕೊಡ, ಬಾಣಂತಿ ಇರುವ ಮನೆಗೆ ಎರಡು ಹೆಚ್ಚು. ಇದನ್ನು ಯಾವ ಪಂಚಾಯಿತಿಯೂ ಠರಾವು ಮಾಡಿರಲಿಲ್ಲ, ಪೊಲೀಸರೂ ಇರಲಿಲ್ಲ. ಹಾಬ್ಸ್ ಇಲ್ಲಿ ಸೋತ ಎಂದು ಒಳಗೊಳಗೇ ಖುಷಿಪಟ್ಟೆ. ಮೂರನೆಯ ದಿನ ಟ್ಯಾಂಕರ್ ಅರ್ಧ ಮಾತ್ರ ತುಂಬಿಕೊಂಡು ಬಂತು. ಎರಡು ನಿಮಿಷದಲ್ಲಿ ಸಾಲು ಮುರಿಯಿತು, ಸ್ಟೀಲಿನ ಕೊಡವೊಂದು ತಗ್ಗಾಯಿತು, ಕಲ್ಲುಗಳು ಕಾಲ ಕೆಳಗೆ ಸಿಕ್ಕಿ ಎಲ್ಲೋ ಹೋದವು. ಹಾಬ್ಸ್ ಎದ್ದು ಕುಳಿತ.

ಇಷ್ಟನ್ನು ನಾನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಆ ಸಾಲಿನಲ್ಲಿ ನಮ್ಮ ಓಣಿಯವರ ಕೊಡ ಇತ್ತೇ?” ಎಂದು ಕೇಳಿದಳು. ನೆನಪು ಮಾಡಿಕೊಂಡೆ. ಇರಲಿಲ್ಲ. ಊರ ಹೊರಗಿನ ಓಣಿಯವರು ದೂರದ ಬೇವಿನ ಮರದ ಕೆಳಗೆ ಖಾಲಿ ಕೊಡ ಹಿಡಿದು, ಸಾಲು ಮುಗಿಯಲಿ ಎಂದು ಕಾಯುತ್ತಿದ್ದರು. ನಾನು ಮೂರು ದಿನ ನೋಡಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಾಬ್ಸ್, ಲಾಕ್, ರೂಸೋ: ಇವರ ನಡುವಿನ ವ್ಯತ್ಯಾಸವನ್ನು ಐದು ಅಂಕಕ್ಕೆ ಹೇಳಿ.

ಐದು ಅಂಕಕ್ಕಾದರೆ ಹೀಗೆ ಬರೆಯಿರಿ. ಹಾಬ್ಸನಿಗೆ ಬೇಕಾದದ್ದು ಸುರಕ್ಷತೆ, ಅದಕ್ಕಾಗಿ ಜನ ಅಧಿಕಾರವನ್ನೆಲ್ಲ ಸಾರ್ವಭೌಮನಿಗೆ ಒಪ್ಪಿಸುತ್ತಾರೆ. ಇಂಗ್ಲೆಂಡಿನವನೇ ಆದ ಜಾನ್ ಲಾಕ್ ತನ್ನ ಗ್ರಂಥವನ್ನು 1689ರಲ್ಲಿ ಹೊರತಂದ; ಅವನ ಪ್ರಕಾರ ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕುಗಳು ಸರ್ಕಾರಕ್ಕಿಂತ ಹಳೆಯವು, ಅವನ್ನು ಕಾಯದ ಸರ್ಕಾರವನ್ನು ಕಿತ್ತೊಗೆಯಬಹುದು. ಜಿನೀವಾದಲ್ಲಿ ಹುಟ್ಟಿದ ರೂಸೋ 1762ರಲ್ಲಿ ಬರೆದದ್ದು ಇನ್ನೊಂದು ದಾರಿ. ಜನ ಯಾವ ಒಡೆಯನಿಗೂ ತಲೆಬಾಗದೆ, ತಾವೇ ಕೂಡಿ ಮಾಡಿಕೊಂಡ ಕಾನೂನಿಗೆ ಮಾತ್ರ ತಲೆಬಾಗಬೇಕು, ಆಗಲೇ ಸ್ವತಂತ್ರರು.

ಅಂಕದ ಮಾತು ಬಿಟ್ಟು ವ್ಯತ್ಯಾಸ ನಿಜಕ್ಕೂ ತಿಳಿಯಬೇಕೆಂದರೆ ಬೀದರಿಗೆ ಹೋಗಿ, ಮಹಮೂದ್ ಗವಾನನ ಮದರಸಾದ ಉಳಿದಿರುವ ಒಂದೇ ಮಿನಾರಿನ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ. 1472ರಲ್ಲಿ ಅದನ್ನು ಕಟ್ಟಿಸಿದ ಗವಾನ್ ಬಹಮನಿ ಸುಲ್ತಾನರ ಪ್ರಧಾನಿ. ಅವನನ್ನು ಕಂಡರಾಗದ ಅಮೀರರು ಅವನ ಮುದ್ರೆ ಬಿದ್ದ ಖಾಲಿ ಕಾಗದವನ್ನು ಸಂಪಾದಿಸಿ, ಒಡಿಶಾದ ದೊರೆಗೆ ದಂಡೆತ್ತಿ ಬರಲು ಕರೆದಂತೆ ಪತ್ರ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಕುಡಿದ ಅಮಲಿನಲ್ಲಿದ್ದ. ವಿಚಾರಣೆ ಇಲ್ಲದೆ 1481ರಲ್ಲಿ ಗವಾನನ ತಲೆ ತೆಗೆಸಿದ. ಆಮೇಲೆ ಸತ್ಯ ತಿಳಿದು ಅತ್ತನಂತೆ. ಮರುವರ್ಷ ತಾನೂ ಸತ್ತ.

ಹಾಬ್ಸನನ್ನು ಕೇಳಿದರೆ, ಸುಲ್ತಾನ ಪಾಪ ಮಾಡಿರಬಹುದು, ಆದರೆ ಪ್ರಜೆಗೆ ಅನ್ಯಾಯ ಮಾಡಿದ ಎನ್ನಲಾಗದು ಎನ್ನುತ್ತಾನೆ. ಒಪ್ಪಂದ ಆದದ್ದು ಪ್ರಜೆಗಳ ನಡುವೆ, ಸಾರ್ವಭೌಮ ಅದರ ಕಕ್ಷಿದಾರನೇ ಅಲ್ಲ. ಕಕ್ಷಿದಾರನಲ್ಲದವನು ಒಪ್ಪಂದ ಮುರಿಯುವುದು ಹೇಗೆ? ತನ್ನ ಕುತ್ತಿಗೆಗೆ ಕತ್ತಿ ಬಂದಾಗ ಗವಾನ್ ತಪ್ಪಿಸಿಕೊಳ್ಳಲು ಹೆಣಗಿದ್ದರೆ ಅದನ್ನೂ ತಪ್ಪೆನ್ನುತ್ತಿರಲಿಲ್ಲ, ಅಷ್ಟು ಮಾತ್ರ. ಲಾಕನಿಗೆ ಇದು ಹುಚ್ಚು. ಕಾಡುಬೆಕ್ಕು, ನರಿಗಳಿಗೆ ಹೆದರಿ ಸಿಂಹದ ಬಾಯಿಗೆ ಬಿದ್ದು ಅದನ್ನೇ ರಕ್ಷಣೆ ಎಂದುಕೊಳ್ಳುವಷ್ಟು ಜನ ದಡ್ಡರೇ ಎಂದು ಅವನು ಗೇಲಿ ಮಾಡುತ್ತಾನೆ. ಎಲ್ಲರಿಗೂ ಗೊತ್ತಿರುವ ಕಾನೂನು, ಪಕ್ಷಪಾತವಿಲ್ಲದ ನ್ಯಾಯಾಧೀಶ ಇವೆರಡೂ ಇಲ್ಲದ ಕಡೆ ಸರ್ಕಾರವೇ ಹುಟ್ಟಿಲ್ಲ ಎಂಬುದು ಅವನ ವಾದ. ನಾನು ಲಾಕನ ಕಡೆ. ಬಹಮನಿ ರಾಜ್ಯ ಗವಾನನ ಕೊಲೆಯ ನಂತರ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ, ಐದು ಹೋಳಾಯಿತು. ಸುರಕ್ಷತೆಯ ಲೆಕ್ಕದಲ್ಲಿ ನೋಡಿದರೂ ಹಾಬ್ಸನಿಗೆ ಇದು ನಷ್ಟದ ಬಾಬತ್ತು.

ಇದೆಲ್ಲ ಪಾಶ್ಚಾತ್ಯರ ಸರಕು. ನಮ್ಮಲ್ಲಿ ಇಂಥ ವಿಚಾರ ಇರಲಿಲ್ಲವೇ?

ಇತ್ತು, ಹಳೆಯದೇ ಇತ್ತು. ಬೌದ್ಧರ ಅಗ್ಗಞ್ಞ ಸುತ್ತದಲ್ಲಿ, ಭತ್ತದ ಗದ್ದೆಗೆ ಬದುವು ಬಿದ್ದು ಕಳವು ಶುರುವಾದ ಮೇಲೆ ಜನ ಕೂಡಿ ಒಬ್ಬನನ್ನು ಆರಿಸುತ್ತಾರೆ. ತಪ್ಪಿತಸ್ಥರನ್ನು ದಂಡಿಸುವ ಕೆಲಸಕ್ಕೆ ಅವನಿಗೆ ಭತ್ತದಲ್ಲಿ ಪಾಲು ಕೊಡುತ್ತಾರೆ. ಅವನ ಹೆಸರು ಮಹಾಸಮ್ಮತ, ಎಂದರೆ ಎಲ್ಲರೂ ಒಪ್ಪಿದವನು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಬರೆದ ಶಿಲ್ಪವೇ ಇದೆ. ಭೀಮೆಯ ದಂಡೆಯ ಬೌದ್ಧರು ಮಹಾಸಮ್ಮತನ ಕಥೆ ಕೇಳಿದ್ದರು ಎಂದುಕೊಳ್ಳಲು ನನಗೆ ಇಷ್ಟ, ಪುರಾವೆ ಏನೂ ಇಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಈ ಕಥೆ ಬರುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಕಾಲದಲ್ಲಿ ಬೇಸತ್ತ ಜನ ಮನುವನ್ನು ರಾಜನನ್ನಾಗಿ ಮಾಡಿಕೊಂಡರು, ಧಾನ್ಯದಲ್ಲಿ ಆರನೆಯ ಒಂದು ಪಾಲು, ಸರಕಿನಲ್ಲಿ ಹತ್ತನೆಯ ಒಂದು ಪಾಲು ಕೊಟ್ಟರು. ಪಠ್ಯಪುಸ್ತಕಗಳು ಹೇಳದ ಸ್ವಾರಸ್ಯವೊಂದಿದೆ. ಅಲ್ಲಿ ಈ ಕಥೆಯನ್ನು ಜನಜಂಗುಳಿಯ ನಡುವೆ ನಿಂತು ಹೇಳಬೇಕಾದವರು ರಾಜನ ಗೂಢಚಾರರು! ಒಪ್ಪಿಗೆಯ ಕಥೆಯನ್ನು ಆಳುವವರೇ ಹರಡುತ್ತಾರೆ ಎಂಬ ಅನುಮಾನಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೇ?

ಅನುಭವ ಮಂಟಪವನ್ನು ಸಾಮಾಜಿಕ ಒಪ್ಪಂದ ಎನ್ನಬಹುದೇ?

ಎಳೆದು ತರಬೇಡಿ. ರಾಜ್ಯಕ್ಕೆ ಅಧಿಕಾರ ಎಲ್ಲಿಂದ ಬಂತು ಎಂಬುದು ಕಲ್ಯಾಣದ ಶರಣರ ಪ್ರಶ್ನೆಯಾಗಿರಲಿಲ್ಲ. ಕಾಯಕ ಮಾಡುವವನಿಗೂ ಹೆಂಗಸಿಗೂ ಮಾತಾಡುವ ಅರ್ಹತೆ ಇದೆಯೇ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಯುರೋಪಿನ ಒಪ್ಪಂದವಾದಿಗಳು ಐದು ಶತಮಾನಗಳ ನಂತರವೂ ಅದನ್ನು ಕೇಳಲಿಲ್ಲ. ಸಂಸತ್ತು, ಮ್ಯಾಗ್ನಾ ಕಾರ್ಟಾ ಎಂದು ಹೋಲಿಸಿ ಶರಣರಿಗೆ ಪ್ರಮಾಣಪತ್ರ ಕೊಡುವ ಅಗತ್ಯವಿಲ್ಲ.

ನಾನು ಯಾವ ಒಪ್ಪಂದಕ್ಕೂ ಸಹಿ ಮಾಡಿಲ್ಲ. ಮತ್ತೆ ಕಾನೂನು ನನ್ನನ್ನು ಹೇಗೆ ಕಟ್ಟಿಹಾಕುತ್ತದೆ?

ಎಲ್ಲ ಪ್ರಶ್ನೆಗಳಲ್ಲಿ ಇದು ಅತಿ ಒಳ್ಳೆಯದು. ಲಾಕ್ ಕೊಟ್ಟ ಉತ್ತರ ಮೌನ ಸಮ್ಮತಿ. ಒಂದು ದೇಶದ ಹೆದ್ದಾರಿಯಲ್ಲಿ ನಡೆದರೂ ಸಾಕು, ಅಷ್ಟರ ಮಟ್ಟಿಗೆ ಅಲ್ಲಿನ ಕಾನೂನಿಗೆ ಒಪ್ಪಿದಂತೆ. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರ ಪ್ರಬಂಧದಲ್ಲಿ ಇದನ್ನು ಚಿಂದಿ ಮಾಡಿದ. ನಿದ್ದೆಯಲ್ಲಿದ್ದವನನ್ನು ಹೊತ್ತು ಹಡಗಿಗೆ ಹಾಕಿ, ನಡುಗಡಲಿಗೆ ಒಯ್ದು, ‘ಬೇಡವಾದರೆ ಹಾರಿ ಸಾಯಿ, ಹಾರದಿದ್ದರೆ ನಾಯಕನ ಅಧಿಕಾರಕ್ಕೆ ಒಪ್ಪಿದಂತೆ’ ಎಂದರೆ ಅದು ಒಪ್ಪಿಗೆಯೇ ಎಂದು ಕೇಳಿದ.

ಹ್ಯೂಮನನ್ನು ಓದಿದ್ದು ಮೊದಲಾದರೂ ಅವನು ನನಗೆ ಅರ್ಥವಾದದ್ದು ಉಪನೋಂದಣಿ ಕಚೇರಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ, 2011ರಲ್ಲಿ, ಪಿತ್ರಾರ್ಜಿತ ಹೊಲವನ್ನು ಅಣ್ಣನ ಮತ್ತು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಎಂಟು ಎಕರೆ ತೊಗರಿ ಹೊಲ. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಲು ಯಾದಗಿರಿಯಿಂದ ಬಸ್ಸಿನಲ್ಲಿ ಬಂದಳು. ಪತ್ರ ಬರಹಗಾರ ಕನ್ನಡಕ ಏರಿಸಿ ಓದಿದ: “ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ...” ಅಕ್ಕ ಪೆನ್ನು ತೆಗೆದುಕೊಂಡು, ನಗುತ್ತಲೇ ಅಣ್ಣನ ಕಡೆ ತಿರುಗಿ, “ಸಹಿ ಮಾಡದಿದ್ದರೆ ಪಂಚಮಿಗೆ ಕರೆಯುತ್ತೀಯೇನಪ್ಪ?” ಎಂದಳು. ಅಣ್ಣ ನಕ್ಕ, ನಾನೂ ನಕ್ಕೆ. ಅವಳು ಸಹಿ ಮಾಡಿದಳು, ಹೆಬ್ಬೆರಳ ಗುರುತೂ ಕೊಟ್ಟಳು. ಹೊರಗೆ ಬಂದು ಮೂವರೂ ಕಬ್ಬಿನ ಹಾಲು ಕುಡಿದೆವು.

ತವರು ಎಂಬ ಹಡಗಿನಿಂದ ಹಾರುವುದು ಅವಳಿಗೆ ಆಗದ ಮಾತು. ಆ ಪತ್ರದಿಂದ ಲಾಭವಾದದ್ದು ನನಗೇ. ಮರುದಿನ ತರಗತಿಯಲ್ಲಿ ಲಾಕನ ಮೌನ ಸಮ್ಮತಿಯ ಪಾಠವಿತ್ತು.

ಹಾಗಾದರೆ ಸಂವಿಧಾನ ನಮ್ಮ ಸಾಮಾಜಿಕ ಒಪ್ಪಂದವೇ?

ಬಹುಮಟ್ಟಿಗೆ ಹೌದು. ಆದರೆ ನಮ್ಮ ಭಾಗದವರು ಇದನ್ನು ಹೇಳುವಾಗ ಒಂದು ಸಂಗತಿಯನ್ನು ಮರೆಯುವಂತಿಲ್ಲ. 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆ ಸೇರಿದಾಗ ಕಲಬುರಗಿ, ಬೀದರ್ ನಿಜಾಮನ ಕೈಯಲ್ಲಿದ್ದವು, ಯಾದಗಿರಿ ಆಗ ಕಲಬುರಗಿ ಜಿಲ್ಲೆಯ ಭಾಗ. ದೇಶ ಸ್ವತಂತ್ರವಾಗಿ ಒಂದು ವರ್ಷ ಕಳೆದರೂ ಇಲ್ಲಿ ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ ನಡೆದಿತ್ತು. ಸೈನ್ಯ ಬಂದು, 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಸಂವಿಧಾನ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳು ಕೂರಲೇ ಇಲ್ಲ. ಸಂವಿಧಾನವನ್ನು ಈ ಸಂಸ್ಥಾನಕ್ಕೆ ಒಪ್ಪಿಕೊಂಡಿದ್ದು 1949ರ ನವೆಂಬರ್ 23ರಂದು ನಿಜಾಮ ಹೊರಡಿಸಿದ ಫರ್ಮಾನು. ‘ನಾವು, ಭಾರತದ ಜನತೆ’ ಎಂಬ ಮಾತಿಗೆ ನಮ್ಮ ಅಜ್ಜ-ಅಜ್ಜಿಯರ ಪರವಾಗಿ ರುಜು ಹಾಕಿದವನು ಅವರು ಯಾರಿಂದ ಬಿಡುಗಡೆ ಬಯಸಿದ್ದರೋ ಅವನೇ. ಸಭೆಗೆ ಪ್ರತಿನಿಧಿಗಳಿದ್ದ ಪ್ರಾಂತಗಳಲ್ಲೂ ಎಲ್ಲರಿಗೂ ಮತವಿರಲಿಲ್ಲ, ಅದು ಬೇರೆ ಮಾತು.

ಹಾಗೆಂದು ಒಪ್ಪಂದ ಸುಳ್ಳಾಯಿತೇ? ಇಲ್ಲ. ಮೊದಲ ಮಹಾಚುನಾವಣೆಯಲ್ಲಿ ಇಲ್ಲಿನವರು ಮತ ಹಾಕಿದರು. ಓದು ಬಾರದವರು, ಹೆಂಗಸರು, ಊರ ಹೊರಗಿನ ಓಣಿಯವರು ಎಲ್ಲರೂ. ಮೊದಲು ಬರೆದು ಆಮೇಲೆ ಒಪ್ಪಿಗೆ ಪಡೆದ ಒಪ್ಪಂದ ನಮ್ಮದು. ಅದರಲ್ಲಿ ತಿದ್ದುಪಡಿಗೆ ದಾರಿ ಇದೆ, ಕರೆಯದೆ ಉಳಿದವರು ಆಮೇಲೆ ಬಂದು ವಾದಿಸಲು ನ್ಯಾಯಾಲಯವಿದೆ. ರೂಸೋ ಬಯಸಿದ್ದು ಇದಲ್ಲದಿರಬಹುದು, ನನಗೆ ಸಾಕು.

ಒಂದು ಕಾನೂನು ನ್ಯಾಯವಾಗಿದೆ ಎಂದು ಗುರುತಿಸುವುದು ಹೇಗೆ?

ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹೇಳಿದ್ದು ಈಗಲೂ ಸವೆದಿಲ್ಲ. ಕಾನೂನು ವಿವೇಕದಿಂದ ಹುಟ್ಟಿರಬೇಕು, ಎಲ್ಲರ ಹಿತಕ್ಕಿರಬೇಕು, ಅಧಿಕಾರವುಳ್ಳವರು ಮಾಡಿರಬೇಕು, ಜನಕ್ಕೆ ತಿಳಿಸಿರಬೇಕು. ಅಮೆರಿಕದ ಲಾನ್ ಫುಲ್ಲರ್ 1964ರಲ್ಲಿ ಈ ಕೊನೆಯ ಮಾತನ್ನು ಬೆಳೆಸಿದ. ಗುಟ್ಟಾಗಿಟ್ಟ, ಅರ್ಥವಾಗದ, ನಿನ್ನೆಯ ಕೆಲಸಕ್ಕೆ ಇಂದು ಶಿಕ್ಷಿಸುವ, ದಿನಕ್ಕೊಂದು ಬಗೆಯಲ್ಲಿ ಬದಲಾಗುವ ಆಜ್ಞೆಗಳನ್ನು ಕಾನೂನು ಎನ್ನುವುದೇ ತಪ್ಪು ಎಂದ. ನಿಜಾಮನ ಕಾಲದಲ್ಲಿ ಇಲ್ಲಿನ ನ್ಯಾಯಾಲಯಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ತನ್ನ ಮೇಲಿನ ತೀರ್ಪನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುತ್ತಿದ್ದ ರೈತನಿಗೆ ಫುಲ್ಲರ್ ತಕ್ಷಣ ಅರ್ಥವಾಗುತ್ತಿದ್ದ. ಇಂದು ಹೈಕೋರ್ಟಿನ ಕಲಬುರಗಿ ಪೀಠದ ತೀರ್ಪುಗಳ ಮೂಲ ಇಂಗ್ಲಿಷಿನಲ್ಲಿದೆ. ರೈತನ ಪಾಡು ಎಷ್ಟು ಬದಲಾಗಿದೆ, ನೀವೇ ಹೇಳಿ.

ಆದರೆ ಸ್ಪಷ್ಟವಾಗಿ ಬರೆದು, ಎಲ್ಲರಿಗೂ ತಿಳಿಸಿ, ಅನ್ಯಾಯ ಮಾಡಬಹುದಲ್ಲ? ಅಲ್ಲಿಗೆ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ ಬೇಕು. 1971ರ ಅವನ ಗ್ರಂಥದಲ್ಲಿ ಒಪ್ಪಂದ ಮತ್ತೆ ಜೀವ ಪಡೆಯುತ್ತದೆ, ಈ ಸಲ ಊಹೆಯ ರೂಪದಲ್ಲಿ. ನೀವು ಗಂಡೋ ಹೆಣ್ಣೋ, ಯಾವ ಜಾತಿ, ಎಷ್ಟು ಎಕರೆ ಎಂಬುದೊಂದೂ ಗೊತ್ತಿಲ್ಲದಂತೆ ಅಜ್ಞಾನದ ಪರದೆಯ ಹಿಂದೆ ಕುಳಿತು ಕಾನೂನು ಬರೆಯಿರಿ. ಪರದೆ ಸರಿದಾಗ ನೀವು ಯಾರೂ ಆಗಿರಬಹುದು.

ಮಿತಾಕ್ಷರ ನಮ್ಮ ಕಡೆಯದೇ ಅಲ್ಲವೇ? ಅದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆಯೇ?

ನಮ್ಮ ಕಡೆಯದೇ. ಕಲಬುರಗಿಯಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿಯ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಅದರಲ್ಲಿ ಆಸ್ತಿ ಹಂಚಿಕೆಯ ಭಾಗವನ್ನು 1810ರಲ್ಲಿ ಕೋಲ್‌ಬ್ರುಕ್ ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಅದು ಬ್ರಿಟಿಷ್ ನ್ಯಾಯಾಲಯಗಳ ಕೈಪಿಡಿಯಾಯಿತು. ಬಂಗಾಳದ ಕಡೆಯನ್ನು ಬಿಟ್ಟು ಹಿಂದೂಗಳ ಆಸ್ತಿ ಹಂಚಿಕೆ ಹೆಚ್ಚುಕಡಿಮೆ ಇದರ ಮೇಲೆಯೇ ನಡೆಯಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು.

ವಿಜ್ಞಾನೇಶ್ವರನನ್ನು ಬೈಯುವ ಮುನ್ನ ಒಂದು ಮಾತು. ಮಗನಿಲ್ಲದೆ ಸತ್ತವನ ಪಾಲಾದ ಆಸ್ತಿ ವಿಧವೆಗೆ ಹೋಗಬೇಕೆಂದು ಅವನು ವಾದಿಸಿದ, ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿದ. ಆ ಕಾಲಕ್ಕೆ ಅದು ಸಣ್ಣದಲ್ಲ. ಆದರೆ ಹುಟ್ಟಿನ ಹಕ್ಕಿನ ವೃತ್ತದಲ್ಲಿ ಮಗಳು ಇರಲಿಲ್ಲ. ಪರದೆಯ ಹಿಂದೆ ಕುಳಿತವನು, ನಾಳೆ ತಾನೇ ಮಗಳಾಗಿ ಹುಟ್ಟಬಹುದಾದವನು, ಇದಕ್ಕೆ ಒಪ್ಪುತ್ತಿದ್ದನೇ?

ತಿದ್ದುವುದಕ್ಕೆ ಒಂಬತ್ತು ಶತಮಾನ ಹಿಡಿಯಿತು, ಅದೂ ಕಂತುಗಳಲ್ಲಿ. ಕರ್ನಾಟಕ 1994ರಲ್ಲಿ ಮಗಳಿಗೂ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಮ್ಮಕ್ಕನ ಮದುವೆ 1989ರಲ್ಲಿ. ಲಗ್ನಪತ್ರಿಕೆಯ ತಾರೀಖಿನಿಂದ ಹಕ್ಕು ನಿರ್ಧಾರವಾಗುವ ಆ ಕಾನೂನು ಸ್ಪಷ್ಟವಾಗಿತ್ತು, ಪ್ರಕಟವಾಗಿತ್ತು, ಫುಲ್ಲರನ ಪರೀಕ್ಷೆಯಲ್ಲಿ ಪಾಸು. ರಾಲ್ಸನಲ್ಲಿ ನಪಾಸು. 2005ರ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಆಗ ಅಪ್ಪ ಬದುಕಿರಬೇಕಿತ್ತೇ ಎಂಬ ತಕರಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತೀರಿಸಿತು: ಬೇಕಿಲ್ಲ, ಮಗಳ ಹಕ್ಕೂ ಹುಟ್ಟಿನಿಂದಲೇ.

371(ಜೆ) ನ್ಯಾಯವೇ, ಅಥವಾ ಓಲೈಕೆಯೇ?

ಬೆಂಗಳೂರಿನ ಬಂಧುಗಳು ಇದನ್ನು ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಸಂವಿಧಾನಕ್ಕೆ 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ನಮ್ಮವರಿಗೆ ಮೀಸಲು, ಉದ್ಯೋಗದಲ್ಲೂ ಪಾಲಿದೆ. ಅಸಮಾನತೆ ಇರುವುದಾದರೆ ಅದು ಅತಿ ಹಿಂದುಳಿದವನಿಗೆ ಒಳಿತು ಮಾಡಬೇಕು ಎಂಬುದು ರಾಲ್ಸನ ನಿಯಮ. ಪರದೆಯ ಹಿಂದೆ ಕುಳಿತಾಗ ನೀವು ಬೆಂಗಳೂರಿನ ಜಯನಗರದಲ್ಲಿ ಹುಟ್ಟುತ್ತೀರೋ ಯಾದಗಿರಿಯ ವಡಗೇರಾದಲ್ಲಿ ಹುಟ್ಟುತ್ತೀರೋ ಗೊತ್ತಿರುವುದಿಲ್ಲವಾದ್ದರಿಂದ ಇಂಥದ್ದೊಂದು ವಿಧಿಯನ್ನು ಬರೆದೇ ಬರೆಯುತ್ತೀರಿ.

ಅದೇ ನಿಯಮವನ್ನು ನಮ್ಮೊಳಗೂ ತಿರುಗಿಸಬೇಕು. ಪ್ರಮಾಣಪತ್ರ ಹಿಡಿದು ಮೆಡಿಕಲ್ ಸೀಟು ಪಡೆಯುವವನು ಕಲಬುರಗಿ ಪೇಟೆಯ ಕೋಚಿಂಗ್‌ನಲ್ಲಿ ಓದಿದ ಹುಡುಗ. ದೀಪಾವಳಿ ಮುಗಿದೊಡನೆ ಅಪ್ಪ-ಅವ್ವನ ಜೊತೆ ಗುಳೆ ಹೋಗಿ, ಬೆಂಗಳೂರಿನ ಕಟ್ಟಡದ ಮರಳ ಗುಡ್ಡೆಯ ಮೇಲೆ ಮಲಗುವ ಯಾದಗಿರಿಯ ಮಗುವಿನ ಕೈಗೆ ಆ ಪತ್ರ ಸಿಕ್ಕಿಲ್ಲ. ಹೀಗೆಂದರೆ ನಮ್ಮವರಿಗೇ ಸಿಟ್ಟು ಬರುತ್ತದೆ.

ಅನ್ಯಾಯದ ಕಾನೂನನ್ನು ಮುರಿಯಬಹುದೇ?

ಸಾಕ್ರೆಟೀಸ್ ಒಲ್ಲೆನೆಂದ. ಕ್ರಿ.ಪೂ. 399ರಲ್ಲಿ ಗೆಳೆಯ ಜೈಲಿನಿಂದ ಪಾರು ಮಾಡಲು ಬಂದರೂ, ಎಪ್ಪತ್ತು ವರ್ಷ ಈ ನಗರದ ಕಾನೂನಿನ ನೆರಳಿನಲ್ಲಿ ಬಾಳಿ ಈಗ ಓಡಿಹೋಗಲೇ ಎಂದು ವಿಷ ಕುಡಿದ. ಗಾಂಧೀಜಿ 1930ರಲ್ಲಿ ಉಪ್ಪಿನ ಕಾನೂನನ್ನು ಹಾಡುಹಗಲಲ್ಲಿ ಮುರಿದು ಶಿಕ್ಷೆಗೆ ಕೈಯೊಡ್ಡಿದರು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ, ಬೀಗರಿಬ್ಬರೂ ತಲೆತಪ್ಪಿಸಿಕೊಳ್ಳದೆ ಮರಣದಂಡನೆಗೆ ಈಡಾದರೆಂದು ಪರಂಪರೆ ಹೇಳುತ್ತದೆ. ಗುಟ್ಟಾಗಿ ಮುರಿಯುವವನು ಕಳ್ಳ, ಬಹಿರಂಗವಾಗಿ ಮುರಿದು ಶಿಕ್ಷೆ ಹೊರುವವನು ವಾದ ಹೂಡುತ್ತಾನೆ. ಅಂಬೇಡ್ಕರ್ ಮಾತ್ರ 1949ರ ನವೆಂಬರ್ 25ರ ಭಾಷಣದಲ್ಲಿ, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಕಾನೂನುಭಂಗಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದರು.

ಅವರ ಮಾತಿನ ಹಿಂದೆ ಮಹಾರಾಷ್ಟ್ರದ ಮಹಾಡ್ ಊರಿನ ನೆನಪು ಇದ್ದಿರಬೇಕು ಎಂಬುದು ನನ್ನ ಊಹೆ. 1927ರಲ್ಲಿ ಅವರು ದಲಿತರೊಂದಿಗೆ ಹೋಗಿ ಅಲ್ಲಿನ ಚೌದಾರ್ ಕೆರೆಯ ನೀರು ಮುಟ್ಟಿದಾಗ ಯಾವ ಕಾನೂನನ್ನೂ ಮುರಿಯಲಿಲ್ಲ. ಪುರಸಭೆ ಆ ಕೆರೆಯನ್ನು ಅದಕ್ಕೆ ಮೊದಲೇ ಎಲ್ಲರಿಗೂ ತೆರೆದಿತ್ತು. ಮುರಿದದ್ದು ದಲಿತರಿಗೆ ನೀರು ಮುಟ್ಟಗೊಡದ ಊರು. ನ್ಯಾಯವಾದ ಕಾನೂನನ್ನು ಊರೇ ಮುರಿಯುವಾಗ ಏನು ಮಾಡಬೇಕೆಂದು ಸಾಕ್ರೆಟೀಸನಿಂದ ರಾಲ್ಸನವರೆಗೆ ಹುಡುಕಿದರೂ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ. ಬೇವಿನ ಮರದ ಕೆಳಗೆ ಕಾಯುತ್ತಿದ್ದವರ ಪರ ಕಾನೂನು 1950ರಿಂದಲೇ ಇದೆ.

ಇದು ಪರೀಕ್ಷೆಗೆ ಬರುತ್ತದೆಯೇ?

ಬರುತ್ತದೆ. ರೂಸೋನ ‘ಸಾಮಾನ್ಯ ಇಚ್ಛೆ’ಯನ್ನು, ಎಂದರೆ ಎಲ್ಲರ ಹಿತವನ್ನು ಬಯಸುವ ಇಚ್ಛೆಯನ್ನು, ‘ಬಹುಮತ’ ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ. ಎರಡೂ ಬೇರೆ.

ಸರ್, ನಿಮ್ಮ ಅಕ್ಕನ ಪಾಲು ಏನಾಯಿತು?

ಪ್ರತಿ ವರ್ಷ ಕೊನೆಗೆ ಬರುವ ಪ್ರಶ್ನೆ ಇದು. ಪಹಣಿಯಲ್ಲಿ ಈಗಲೂ ಅಣ್ಣನ ಮತ್ತು ನನ್ನ ಹೆಸರೇ ಇವೆ. ಕಳೆದ ಪಂಚಮಿಗೆ ಅಕ್ಕ ಬಂದಿದ್ದಳು. ಅಳ್ಳಿನ ಉಂಡೆ ಕಟ್ಟುತ್ತ ಕುಳಿತಿದ್ದಾಗ, ನನ್ನ ಪಾಲಿನಲ್ಲಿ ಅವಳ ಭಾಗವನ್ನು ಅವಳ ಹೆಸರಿಗೆ ಮಾಡಿಸುತ್ತೇನೆ ಎಂದೆ. ಅವಳು ಉಂಡೆಯನ್ನು ತಟ್ಟೆಯಲ್ಲಿಟ್ಟು, “ಈಗ ನಾನು ತೆಗೆದುಕೊಂಡರೆ ನನ್ನ ನಾದಿನಿಗೆ ಏನು ಹೇಳಲಿ ತಮ್ಮಾ?” ಎಂದಳು. ಅವರ ಮನೆಯಲ್ಲೂ ಅಂಥದ್ದೇ ಒಂದು ಬಿಡುಗಡೆ ಪತ್ರವಿದೆ. ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವಳು ಅಕ್ಕನೇ.